ಎಲ್ಲರಿಗೂ ಇಪ್ಪತ್ತೈದು

ಬಹಳ ಹಿಂದೆ, ಅಂದರೆ ಕಳೆದ ಚುನಾವಣೆಗಿಂತಲೂ ತುಸು ಹಿಂದೆ, ಸಿರಿಕುಂಭಪುರ ಎಂಬ ಒಂದು ರಾಜ್ಯವಿತ್ತು. ನಾಲ್ಕು ದಿಕ್ಕಿಗೂ ಬೆಟ್ಟ, ನಡುವೆ ಅರಮನೆ, ಅರಮನೆಯ ಸುತ್ತ ಕಂದಾಯ ಕಟ್ಟುವ ಜನ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಸಿಕ್ಕರೆ ಅದು ನಿಮ್ಮ ಕಣ್ಣಿನ ತಪ್ಪು, ನನ್ನದಲ್ಲ.

ಆ ರಾಜ್ಯವನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜಾಧಿರಾಜ ಅಖಂಡಭಾಗ್ಯ ಭೂಪತಿ. ವಯಸ್ಸು ನಲವತ್ತೆರಡು, ಬಿರುದುಗಳು ಅದಕ್ಕಿಂತ ಹೆಚ್ಚು. ಅವನು ಸಭೆಗೆ ದಯಮಾಡಿಸುವಾಗ ಕಹಳೆ ಊದುವ ಕೆಲಸ ಬೋರಲಿಂಗನದು. ಬೋರಲಿಂಗ ಮೀಸೆ ಮೂಡುವ ಮುಂಚೆ ಕಹಳೆ ಹಿಡಿದವನು. ಈಗ ಆ ಮೀಸೆಯೂ ಬೆಳ್ಳಗಾಗಿ, ಬಾಯಿಯ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟು ಹೋಗಿದ್ದವು. ಮುಂದಿನ ಸಾಲಿನಲ್ಲಿ ಉಳಿದಿದ್ದ ಎರಡು ಹಲ್ಲುಗಳು ಸಮ್ಮಿಶ್ರ ಸರ್ಕಾರದ ಹಾಗೆ ಒಂದಕ್ಕೊಂದು ಒರಗಿಕೊಂಡು ಹೇಗೋ ದಿನ ದೂಡುತ್ತಿದ್ದವು.

ಹೀಗಾಗಿ "ಪೋಂ" ಎನ್ನಬೇಕಾದ ಕಹಳೆ ಒಂದು ದಿನ ತುಂಬಿದ ಸಭೆಯಲ್ಲಿ "ಫುಸ್" ಎಂದಿತು. ಎಲ್ಲರೂ ರಾಜನ ಮುಖ ನೋಡಿದರು. ಆಗ ಆಸ್ಥಾನ ವಿದ್ವಾಂಸರು ಎದ್ದು ನಿಂತು, "ಪ್ರಭುಗಳ ತೇಜಸ್ಸಿನ ಮುಂದೆ ನಾದವೇ ನಾಚಿ ಗಾಳಿಯಾಯಿತು" ಎಂದರು. ವಿದ್ವಾಂಸರಿಗೆ ಶಾಲು ಸಿಕ್ಕಿತು. ಬೋರಲಿಂಗನಿಗೆ ಒಸಡು ನೋವು ಉಳಿಯಿತು.

ಆದರೂ ಅವನು ಖುಷಿಯಲ್ಲಿದ್ದ, ಏಕೆಂದರೆ ಬರುವ ಯುಗಾದಿಗೆ ಅವನಿಗೆ ಅರವತ್ತು ತುಂಬುತ್ತಿತ್ತು.

ಸಿರಿಕುಂಭಪುರದಲ್ಲಿ ಅರವತ್ತು ಎಂದರೆ ಸಣ್ಣ ಸಂಗತಿಯಲ್ಲ. ಅಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ದುಡಿಯುವ ಪ್ರತಿಯೊಬ್ಬರೂ ತಮ್ಮ ಸಂಬಳದಲ್ಲಿ ಒಂದು ಪಾಲನ್ನು ಅರಮನೆಯ 'ಮುಪ್ಪಿನ ಹುಂಡಿ'ಗೆ ಹಾಕುತ್ತ ಬರಬೇಕು. ಅರವತ್ತು ತುಂಬಿದ ದಿನ ಷಷ್ಟ್ಯಬ್ದಿ. ಗಂಡ ಹೆಂಡತಿ ಮತ್ತೊಮ್ಮೆ ಹಾರ ಬದಲಿಸಿಕೊಳ್ಳುತ್ತಾರೆ, ಊರು ಉಣ್ಣುತ್ತದೆ, ಅರಮನೆಯಿಂದ ಹುಂಡಿಯ ಪಾಲು ಮನೆಗೆ ಬರುತ್ತದೆ. ಅಂದಿನಿಂದ ಅವರು ದುಡಿಯುವಂತಿಲ್ಲ. 'ಹುಡುಗಾಟಕ್ಕೆ ಕಾಲು, ಸಂಸಾರಕ್ಕೆ ಹೆಗಲು, ಮುಪ್ಪಿಗೆ ಹುಂಡಿ' ಎಂಬುದು ಅಲ್ಲಿನ ಗಾದೆ. ಇಡೀ ಜೀವನದ ಫೈನಾನ್ಶಿಯಲ್ ಪ್ಲಾನಿಂಗ್ ಆ ಒಂದು ಸಾಲಿನಲ್ಲಿ ಮುಗಿದಿತ್ತು. ಕೋರ್ಸು ಬೇಕಿರಲಿಲ್ಲ, ಫೀಸೂ ಇರಲಿಲ್ಲ.

ಬೋರಲಿಂಗನ ಯೋಜನೆಯೂ ಅಷ್ಟೇ ಸರಳ. ಕಹಳೆಯನ್ನು ಅರಮನೆಗೆ ವಾಪಸ್ ಕೊಡುವುದು, ಹುಂಡಿಯ ಹಣದಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳುವುದು, ಆಮೇಲೆ ಹೆಂಡತಿ ಸಣ್ಣತಾಯಮ್ಮ ಕರಿದ ನಿಪ್ಪಟ್ಟನ್ನು ಇಡೀ ಬೀದಿಗೆ ಕೇಳುವಂತೆ ಕಡಿಯುವುದು.

"ಕಡ್ಲೆಬೀಜ ವಸಿ ಜಾಸ್ತಿ ಹಾಕಮ್ಮಿ ಆವತ್ತು" ಎನ್ನುತ್ತಿದ್ದ.

"ಮೊದ್ಲು ಹಲ್ಲು ಬರ್ಲಿ" ಎನ್ನುತ್ತಿದ್ದಳು ಸಣ್ಣತಾಯಮ್ಮ. "ಈಗ್ಲೇ ಮಾಡುದ್ರೆ ಕಾಫಿಗೆ ಅದ್ಕೊಂಡು ನೆಕ್ಕೊಂಡು ಕೂತ್ಕೊತೀರ. ನೋಡಕ್ಕಾಗಲ್ಲ ನನ್ ಕೈಲಿ."

ಹೀಗಿರಲು ಆ ರಾಜ್ಯಕ್ಕೆ ಫಲಪ್ರಕಾಶ ಎಂಬ ಸಂಪತ್ತು ಸಲಹೆಗಾರ ಬಂದ. ಎಲ್ಲಿಂದ ಬಂದ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅವನು ಕೋಟು ಹಾಕಿದ್ದ. ಅವನ ಬಳಿ ಒಂದು ಕಟ್ಟು ತಾಳೆಗರಿ. ಪ್ರತಿ ಗರಿಯಲ್ಲೂ ಮೇಲಕ್ಕೆ ಏರುವ ಒಂದು ಬಾಣದ ಚಿತ್ರ. ಕಂಬದ ಪಕ್ಕ ಕಹಳೆ ಹಿಡಿದು ನಿಂತಿದ್ದ ಬೋರಲಿಂಗ ಒಂದು ವಿಷಯ ಗಮನಿಸಿದ: ಬಾಣ ಕೆಳಕ್ಕೆ ಇಳಿಯುವ ಗರಿ ಬಂದಾಗಲೆಲ್ಲ ಫಲಪ್ರಕಾಶ ಅದನ್ನು ತಲೆಕೆಳಗಾಗಿ ಹಿಡಿಯುತ್ತಿದ್ದ. ಅದಕ್ಕೆ ಅವನು ಕರೆಕ್ಷನ್ ಎನ್ನುತ್ತಿದ್ದ.

"ಮಹಾಪ್ರಭು, ತಮ್ಮ ಹುಂಡಿಯಲ್ಲಿ ಹಣ ಮಲಗಿಬಿಟ್ಟಿದೆ" ಎಂದ ಫಲಪ್ರಕಾಶ. "ಹಣ ಮಲಗಬಾರದು. ಓಡಬೇಕು."

"ಎಲ್ಲಿಗೆ ಓಡಬೇಕು?" ಎಂದು ಕೇಳಿದ ರಾಜ.

"ಬಂದರಿಗೆ ಪ್ರಭು. ಬಂದರಿನಲ್ಲಿ ಹೂಡಬೇಕು."

ಮಹಾಮಂತ್ರಿ ತಥಾಸ್ತುರಾಯ ಸಣ್ಣಗೆ ಕೆಮ್ಮಿದ. ಇಪ್ಪತ್ತು ವರ್ಷದ ಸೇವೆಯಲ್ಲಿ ಅವನು ರಾಜನ ಮುಂದೆ ಕೆಮ್ಮಿದ್ದು ಅದೇ ಮೊದಲು. "ನಮ್ಮ ರಾಜ್ಯಕ್ಕೆ ಸಮುದ್ರ ಇಲ್ಲವಲ್ಲ" ಎಂದ.

"ಅದೇ ನಮ್ಮ ಶಕ್ತಿ" ಎಂದ ಫಲಪ್ರಕಾಶ. "ಸಮುದ್ರ ಇರುವ ರಾಜ್ಯಗಳೆಲ್ಲ ಆಗಲೇ ಬಂದರು ಕಟ್ಟಿ ಕೂತಿವೆ. ಅಲ್ಲಿ ಭಯಂಕರ ಕಾಂಪಿಟಿಶನ್. ಇಲ್ಲಿ ನೋಡಿ, ಒಬ್ಬನೇ ಒಬ್ಬ ಪ್ರತಿಸ್ಪರ್ಧಿ ಇಲ್ಲ. ನಾಳೆ ಸಮುದ್ರ ಬಂತು ಅಂದುಕೊಳ್ಳಿ, ಬಂದರು ಇರುವುದು ತಮ್ಮೊಬ್ಬರ ಹತ್ತಿರ."

ರಾಜನಿಗೆ ರೋಮಾಂಚನವಾಯಿತು. "ಸಮುದ್ರ ಯಾವಾಗ ಬರುತ್ತೆ?"

"ಲಾಂಗ್ ಟರ್ಮ್‌ನಲ್ಲಿ ಬಂದೇ ಬರುತ್ತೆ ಪ್ರಭು."

"ತಥಾಸ್ತು" ಎಂದ ತಥಾಸ್ತುರಾಯ. ಕೆಮ್ಮು ವಾಸಿಯಾಗಿತ್ತು.

ಬಂದರು ಎದ್ದಿತು. ಬೆಟ್ಟದ ಬುಡದ ಬಂಡೆಗಳ ಮೇಲೆ ಉದ್ದನೆಯ ಕಟ್ಟೆ, ಒಂದು ದೀಪಸ್ತಂಭ, ಸರಪಳಿಯಿಂದ ಬಿಗಿದ ಒಂದು ಹಡಗು. ಹಡಗು ತೇಲಿ ಹೋಗದಿರಲಿ ಎಂದು ಲಂಗರನ್ನೂ ಹಾಕಿದ್ದರು. ಮೇಕೆಗಳು ಅದರ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಬಂದರಿನ ವರಮಾನದ ಮೊದಲ ವರದಿಯಲ್ಲಿ 'ಹಿಕ್ಕೆ ಮಾರಾಟದಿಂದ' ಎಂದು ಒಂದು ಸಾಲಿತ್ತು. ಎರಡನೆಯ ಸಾಲು ಇರಲಿಲ್ಲ.

ಅಷ್ಟರಲ್ಲಿ ಅರವತ್ತು ತುಂಬಿದ ಹಿರಿಯರು ತಮ್ಮ ಪಾಲು ಕೇಳಿಕೊಂಡು ಅರಮನೆಯ ಬಾಗಿಲಿಗೆ ಬಂದರು. ಹುಂಡಿ ತೆರೆದರೆ ಒಳಗೆ ಒಂದು ಹಲ್ಲಿ ಇತ್ತು. ಅದೂ ಬೇಸರದಿಂದ ಹೊರಗೆ ಹೋಯಿತು.

ಸಭೆ ಕೂಡಿತು. ಬೋರಲಿಂಗ ಫುಸ್ ಎಂದು ಊದಿ ಕಂಬದ ಪಕ್ಕ ನಿಂತ. ಯುಗಾದಿಗೆ ಇನ್ನು ಒಂದೇ ತಿಂಗಳು.

"ಬಂದರನ್ನು ಮಾರಿಬಿಡೋಣವೇ?" ಎಂದು ರಾಜ ಕೇಳಿದ.

ಫಲಪ್ರಕಾಶ ಕೆಟ್ಟ ಮಾತು ಕೇಳಿದವನಂತೆ ಕಿವಿ ಮುಚ್ಚಿಕೊಂಡ. "ಪ್ರಭು, ಹೂಡಿಕೆಯಲ್ಲಿ ಎಳ್ಳಷ್ಟೂ ದೋಷವಿಲ್ಲ. ಶಾಸ್ತ್ರ ಏನು ಹೇಳುತ್ತೆ? ಮನುಷ್ಯನ ವಯಸ್ಸು ನೋಡಿ ಹಣ ಹೂಡಬೇಕು. ಅರವತ್ತರವನಿಗೆ ರಿಸ್ಕ್ ಆಗದು, ಅವನಿಗೆ ಕಾಯುವ ಸಮಯವಿಲ್ಲ. ಇಪ್ಪತ್ತೈದರವನಾದರೆ ಹಣ ಮುಳುಗಿದರೂ ನಗುತ್ತಾನೆ, ಸಮುದ್ರಕ್ಕಾಗಿ ಕಾಯುತ್ತಾನೆ. ಹಾಗಾಗಿ ಬಂದರು ಇಪ್ಪತ್ತೈದರವರಿಗೆ ಹೇಳಿ ಮಾಡಿಸಿದ ಹೂಡಿಕೆ. ತಪ್ಪಿರುವುದು ಪ್ರಜೆಗಳ ವಯಸ್ಸಿನಲ್ಲಿ."

"ಹಾಗಾದರೆ?"

"ಹೂಡಿಕೆ ಬದಲಾಯಿಸುವುದು ಬೇಡ ಪ್ರಭು. ವಯಸ್ಸು ಬದಲಾಯಿಸೋಣ."

ತಥಾಸ್ತುರಾಯನ ಕಣ್ಣಲ್ಲಿ ನೀರು ತುಂಬಿತು. "ಭೂಮಂಡಲದ ಅರಸರೆಲ್ಲ ಪ್ರಜೆಗಳಿಗೆ ಅಕ್ಕಿ ಕೊಟ್ಟರು, ಬೇಳೆ ಕೊಟ್ಟರು. ಯೌವನ ಕೊಟ್ಟವರು ತಾವೊಬ್ಬರೇ ಪ್ರಭು."

ಮರುದಿನ ಬೀದಿ ಬೀದಿಯಲ್ಲೂ ಡಂಗುರ. ಮುಂದೆ ಕಹಳೆ ಊದಬೇಕಾದವನು ಬೋರಲಿಂಗನೇ. ತನ್ನ ಬೀದಿಯಲ್ಲಿ, ತನ್ನ ಮನೆಯ ಮುಂದೆ ನಿಂತು ಊದಿದ. ಸಾರುವವನು ಓದಿದ: "ಇಂದಿನಿಂದ ಸಿರಿಕುಂಭಪುರದ ಸಮಸ್ತ ಪ್ರಜೆಗಳ ವಯಸ್ಸು ಇಪ್ಪತ್ತೈದು ಎಂದು ನಿಗದಿಯಾಗಿದೆ. ತೊಟ್ಟಿಲ ಕೂಸೂ ಇದಕ್ಕೆ ಹೊರತಲ್ಲ. ಹೆಚ್ಚು ವಯಸ್ಸಾದಂತೆ ಕಾಣುವವರು ಕೂಡಲೇ ಸರಿಪಡಿಸಿಕೊಳ್ಳತಕ್ಕದ್ದು. ನೆಲ ನೋಡಿಕೊಂಡು ನಡೆಯುವುದು, 'ನಮ್ಮ ಕಾಲದಲ್ಲಿ' ಎಂದು ಮಾತು ಶುರು ಮಾಡುವುದು ಶಿಕ್ಷಾರ್ಹ."

ಪಕ್ಕದ ಮನೆಯ ಗಂಗವ್ವ ಕೋಲೂರಿಕೊಂಡು ಜಗಲಿಗೆ ಬಂದಳು. ಎಂಬತ್ತು ದಾಟಿದ ಜೀವ. "ಅಂದ್ರೆ ನಂಗೂ ಇಪ್ಪತ್ತೈದು, ನನ್ ಮೊಮ್ಮಗಂಗೂ ಇಪ್ಪತ್ತೈದಾ ಬೋರಲಿಂಗ?"

"ಹೂಂ ಕಣಜ್ಜಿ."

"ಯಾರ್ಲಾ ಅಜ್ಜಿ?" ಎಂದಳು ಗಂಗವ್ವ ಸೊಂಟದ ಮೇಲೆ ಕೈಯಿಟ್ಟು. "ಹೆಸರು ಹಿಡ್ದು ಕರಿ. ನೋಡುದ್ರೆ ನೀನೇ ನನಗಿಂತ ಮುದ್ಕ ಕಾಣ್ತೀಯ."

ಮೊದಮೊದಲು ಜನಕ್ಕೆ ಮಜಾ ಅನ್ನಿಸಿತು. ತಥಾಸ್ತುರಾಯ ಕೂದಲಿಗೆ ಕಾಡಿಗೆ ಬಳಿದುಕೊಂಡು ಬಂದ. ಬೆವರಿಗೆ ಅದು ಇಳಿದು, ಮಧ್ಯಾಹ್ನದ ಹೊತ್ತಿಗೆ ಗಡ್ಡವೂ ಕಪ್ಪಾಯಿತು. ಶಾಲೆಗಳು ಮುಚ್ಚಿದವು, ಇಪ್ಪತ್ತೈದರವರಿಗೆ ಮಗ್ಗಿ ಹೇಳಿಕೊಡುವುದು ಹೇಗೆ? ಮದುವೆ ಮನೆಗಳಲ್ಲಿ ಯಾರ ಕಾಲಿಗೆ ಯಾರು ಬೀಳಬೇಕೆಂದು ತಿಳಿಯದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಊಟಕ್ಕೆ ಕೂತರು. ಆಮೇಲೆ ಹುಂಡಿಯವರು ಮನೆಮನೆಗೂ ಬಂದರು. ಇಪ್ಪತ್ತೈದರವರೆಲ್ಲ ದುಡಿಯುವ ವಯಸ್ಸಿನವರು, ದುಡಿಯುವವರೆಲ್ಲ ಹುಂಡಿಗೆ ಕಟ್ಟಬೇಕು. ಅಂಬೆಗಾಲಿಡುವ ಮಗುವಿನ ಹೆಸರಲ್ಲಿ ಕಂತು, ಹಾಸಿಗೆ ಹಿಡಿದ ಮುದುಕನ ಹೆಸರಲ್ಲಿ ಕಂತು. ಬಾಣಂತಿಯೊಬ್ಬಳು ತೊಟ್ಟಿಲು ತೋರಿಸಿ "ಇದು ಇನ್ನೂ ಕಣ್ಣೇ ಬಿಟ್ಟಿಲ್ಲ ಸ್ವಾಮಿ" ಎಂದಳು. "ಬೇಗ ಶುರು ಮಾಡಿದಷ್ಟೂ ಒಳ್ಳೇದಮ್ಮ" ಎಂದ ವಸೂಲಿಯವನು. ಖಾಲಿ ಹುಂಡಿ ಮತ್ತೆ ತುಂಬತೊಡಗಿತು.

ಬೋರಲಿಂಗ ವಯೋಮಾನ ಕಚೇರಿಗೆ ಹೋದ. ಅಲ್ಲಿನ ಶಿರಸ್ತೇದಾರ ವಾಸಪ್ಪನೂ ಇವನ ಓರಗೆಯವನೇ, ನಿವೃತ್ತಿಯ ಹೊಸ್ತಿಲಲ್ಲಿ ಸಿಕ್ಕಿಬಿದ್ದವನು. ಕನ್ನಡಕ ಹಾಕಿದರೆ ವಯಸ್ಸು ಕಾಣುತ್ತದೆಂದು ಅದನ್ನು ಜೇಬಿನಲ್ಲಿಟ್ಟುಕೊಂಡು ಕಾಗದಗಳನ್ನು ಮೂಗಿಗೆ ತಾಗಿಸಿ ಓದುತ್ತಿದ್ದ.

"ಏನಪ್ಪಾ ಹುಡುಗ?" ಎಂದ.

"ನನ್ ಹುಂಡಿ ಪಾಲು ಬುದ್ಧಿ. ಯುಗಾದಿಗೆ ಅರವತ್ತು ತುಂಬ್ತದೆ."

"ಯುಗಾದಿಗೆ ಇಪ್ಪತ್ತೈದು. ಮುಂದಿನ್ ಯುಗಾದಿಗೂ ಇಪ್ಪತ್ತೈದೇ. ಆಜ್ಞೇಲಿ ಹುಟ್ಟುಹಬ್ಬ ಇಲ್ಲ."

"ಮತ್ತೆ ಅರವತ್ತು ಯಾವಾಗ್ ಬತ್ತದೆ?"

"ಸಮುದ್ರ ಬಂದಾಗ." ವಾಸಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ನೋಡು, ಪ್ರಾಯದೋರಿಗೆ ಮಧ್ಯದಲ್ಲಿ ತೆಗಿಯೋಕೆ ದಾರಿ ಇದೆ. ಓದೋಕೆ, ಮನೆ ಕಟ್ಟೋಕೆ, ಮದ್ವೆ ಆಗೋಕೆ. ಮೂರೇ ಕಾರಣ."

"ಹಲ್ಲು ಕಟ್ಸೋಕೆ?"

"ಇಪ್ಪತ್ತೈದರವನಿಗೆ ಹಲ್ಲು ಇರತ್ತಲ್ಲಪ್ಪ."

ಬೋರಲಿಂಗ ಬಾಯಿ ಅಗಲಿಸಿ ತೋರಿಸಿದ.

"ಮುಚ್ಚು ಮುಚ್ಚು" ಎಂದ ವಾಸಪ್ಪ ಗಾಬರಿಯಿಂದ. "ಒಳಗೆ ರಾಜದ್ರೋಹ ಕಾಣ್ತಾ ಇದೆ. ಮದ್ವೆ ಆಗಿದ್ಯಾ ನಿನಗೆ?"

"ಆಗಿ ಮೂವತ್ತೆಂಟು ವರ್ಷ ಆತು."

ವಾಸಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಹುಟ್ಟೋಕೆ ಹದಿಮೂರು ವರ್ಷ ಮುಂಚೇನೇ ಮದ್ವೆ ಆಗ್ಬಿಟ್ಯಾ? ಆ ಮದ್ವೆ ನಡೆಯಲ್ಲ. ಅಂದ್ರೆ ನೀನೂ ಆಯಮ್ಮನೂ ಮದ್ವೆ ಇಲ್ದೇ ಒಂದೇ ಮನೇಲಿ ಇದ್ದೀರಿ. ಅದಕ್ಕೆ ದಂಡ ಬೇರೆ ಇದೆ. ಒಂದ್ ಕೆಲ್ಸ ಮಾಡು. ಬೇಗ ಮದ್ವೆ ಆಗ್ಬಿಡು. ದಂಡಾನೂ ತಪ್ಪತ್ತೆ, ದುಡ್ಡೂ ಬರತ್ತೆ. ಆ ದುಡ್ಡಲ್ಲಿ ಬಾಸಿಂಗ ತಗೋತೀಯೋ ಹಲ್ಲು ತಗೋತೀಯೋ, ಯಾರು ಕೇಳ್ತಾರೆ?"

ಬೋರಲಿಂಗ ಮನೆಗೆ ಬಂದು ಎಲ್ಲ ಹೇಳಿದ. ಸಣ್ಣತಾಯಮ್ಮ ರಾಗಿ ಬೀಸುವುದನ್ನು ನಿಲ್ಲಿಸಿದಳು.

"ಮೂವತ್ತೆಂಟು ವರ್ಷ ನಿಮ್ ಬಟ್ಟೆ ಒಗ್ದಿದ್ದು ಯಾವ ಲೆಕ್ಕಕ್ಕೆ ಮತ್ತೆ?"

"ಪರಿಚಯದ ಲೆಕ್ಕಕ್ಕೆ ಅಂತ ಕಾಣ್ತದೆ."

"ಮೂರು ಮಕ್ಳು?"

"ಅವಕ್ಕೂ ಇಪ್ಪತ್ತೈದಂತೆ. ನಮ್ ಜೊತೆಗಾರರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಳೋ ನಕ್ಕಳೋ ಬೋರಲಿಂಗನಿಗೆ ಗೊತ್ತಾಗಲಿಲ್ಲ. ಆಮೇಲೆ ಬೀಸುವ ಕಲ್ಲಿನ ಮುಂದಿನಿಂದ ಎದ್ದು ಗೋಡೆಗೆ ಒರಗಿ ನಿಂತಳು. "ಸರಿ. ಕೇಳಿ ಹಂಗಾದ್ರೆ."

"ಏನ್ ಕೇಳ್ಲಿ?"

"ಹೆಣ್ಣು ಕೇಳಿ. ಸುಮ್ನೆ ಬಾ ಅಂದ್ರೆ ಬಂದ್ಬುಡ್ತೀನಾ?"

ಬೋರಲಿಂಗ ಗಂಟಲು ಸರಿಮಾಡಿಕೊಂಡ. "ನಿಮ್ ಹುಡ್ಗೀನ ನಮ್ ಹುಡ್ಗಂಗೆ ಕೊಡ್ತೀರಾ?"

"ಹುಡ್ಗಂಗೆ ಏನ್ ಕೆಲ್ಸ?"

"ಅರಮನೇಲಿ. ಪರ್ಮನೆಂಟು. ಈಗಂತೂ ಭಾರಿ ಪರ್ಮನೆಂಟು."

"ಅಭ್ಯಾಸ ಗಿಭ್ಯಾಸ?"

"ಎಲೆಅಡ್ಕೆ ಇಲ್ಲ. ಹಾಕ್ಬೇಕು ಅಂದ್ರೂ ಆಗಲ್ಲ."

"ಒಪ್ಗೆ" ಎಂದಳು ಸಣ್ಣತಾಯಮ್ಮ. "ವರದಕ್ಷಿಣೆ ಮಾತ್ರ ಇಲ್ಲ. ಕಳೆದ್ ಸಲ ಕೊಟ್ಟಿದ್ದನ್ನೇ ಇಟ್ಕೊಳ್ಳಿ."

ಮದುವೆ ಗುಡಿಯಲ್ಲಿ ನಡೆಯಿತು. ಗಂಗವ್ವ ಮದುಮಗಳ ಗೆಳತಿಯಾಗಿ ಕಳಸ ಹಿಡಿಯಲು ಹೋಗಿ, ಕಳಸವೇ ಅವಳನ್ನು ಹಿಡಿದುಕೊಳ್ಳುವಂತಾಯಿತು. ಹೊರಗೆ ಬಂದರೆ ಗುಡಿಯ ಮುಂದೆ ಸಾಲು: ಊರಿನ ಮುದುಕ ಮುದುಕಿಯರೆಲ್ಲ ಹಾರ ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು. ಅರವತ್ತಕ್ಕೆ ಒಮ್ಮೆ ಮಾಡಿಕೊಳ್ಳುವ ಮದುವೆಯನ್ನು ಇಪ್ಪತ್ತೈದಕ್ಕೆ ಮಾಡಿಕೊಳ್ಳುವುದು ಅವರಿಗೆ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ.

ವಾಸಪ್ಪ ಮದುವೆಯ ಪತ್ರಕ್ಕೆ ಮುದ್ರೆ ಒತ್ತಿದ. "ಹುಣ್ಣಿಮೆ ದಿನ ಸಭೇಲಿ ಹುಂಡಿ ತೆರೀತಾರೆ. ಮೊದಲ್ನೇ ಹೆಸರು ನಿಂದೇ. ಹಲ್ಲು ಕಟ್ಟೋನಿಗೆ ಹೇಳಿಟ್ಟಿರು."

ಬೋರಲಿಂಗ ಹೇಳಿಟ್ಟ. ಹಲ್ಲು ಕಟ್ಟುವವನು ಇವನ ಬಾಯಿಗೆ ಮೇಣ ಒತ್ತಿ ಅಳತೆಯನ್ನೂ ತೆಗೆದುಕೊಂಡ. ಸಣ್ಣತಾಯಮ್ಮ ಅಕ್ಕಿ ಹಿಟ್ಟು ಬೀಸಿಟ್ಟಳು.

ಆದರೆ ಮದುವೆಗಳ ಸುದ್ದಿ ಫಲಪ್ರಕಾಶನಿಗೂ ತಲುಪಿತು. ಹುಣ್ಣಿಮೆಯ ದಿನ ಬೆಳಗ್ಗೆ ಅವನು ರಾಜನ ಕಿವಿಯ ಹತ್ತಿರ ಬಹಳ ಹೊತ್ತು ಬಗ್ಗಿ ನಿಂತಿದ್ದನ್ನು ಬೋರಲಿಂಗ ಕಂಡ. ಸಭೆ ತುಂಬಿತು. ನಡುವೆ ಹುಂಡಿ; ಕೂಸುಗಳ, ಮುದುಕರ, ಬಾಣಂತಿಯರ ಕಂತಿನಿಂದ ಅದು ಬಸುರಿಯಂತೆ ಉಬ್ಬಿತ್ತು. ಬಾಗಿಲ ಆಚೆ ಹಾರ ಹಾಕಿಕೊಂಡ ದಂಪತಿಗಳು. ಬೋರಲಿಂಗ ಮುದ್ರೆಯೊತ್ತಿದ ಪತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಹಳೆ ಎತ್ತಿದ.

ರಾಜ ಬಂದ. ಕೈಯಲ್ಲಿ ಕೋಲು, ಹೆಗಲ ಮೇಲೆ ಉಣ್ಣೆಯ ಶಾಲು, ಗಲ್ಲಕ್ಕೆ ಅಂಟಿಸಿದ ಹತ್ತಿಯ ಗಡ್ಡ. ಹೆಜ್ಜೆಗೊಮ್ಮೆ "ಅಬ್ಬಾ" ಎನ್ನುತ್ತ ಸಿಂಹಾಸನ ಏರಿದ.

"ಪ್ರಜೆಗಳೇ" ಎಂದ ನಡುಗುವ ದನಿಯಲ್ಲಿ, "ಇಂದು ನಮಗೆ ಅರವತ್ತು."

ಸಭೆ ತಬ್ಬಿಬ್ಬಾಯಿತು. ಫಲಪ್ರಕಾಶ ತಾಳೆಗರಿ ಎತ್ತಿದ. "ರಾಜ್ಯಭಾರ ಹೊತ್ತವರಿಗೆ ಒಂದು ವರ್ಷಕ್ಕೆ ಹೆಚ್ಚೂಕಡಿಮೆ ಒಂದೂವರೆ ವರ್ಷ ವಯಸ್ಸಾಗುತ್ತದೆ. ನಲವತ್ತೆರಡಕ್ಕೆ ಅರವತ್ತು. ಇದು ಶುದ್ಧ ಗಣಿತ."

"ಅರವತ್ತೇ?" ಎಂದ ತಥಾಸ್ತುರಾಯ. "ಪ್ರಭುಗಳು ಎಂಬತ್ತಾದರೂ ಕಾಣುತ್ತಾರೆ."

"ಅಷ್ಟು ಬೇಡ" ಎಂದ ರಾಜ, ತುಸು ಸಿಟ್ಟಿನಿಂದ.

"ಕ್ಷಮಿಸಬೇಕು. ಅರವತ್ತು. ಒಂದು ದಿನ ಹೆಚ್ಚಿಲ್ಲ."

ರಾಜ ಶಾಲು ಸರಿಮಾಡಿಕೊಂಡ. "ನಿಮಗೆಲ್ಲ ಯೌವನ ಕೊಟ್ಟೆವು. ಆದರೆ ಮುಪ್ಪನ್ನು ಯಾರಾದರೂ ಹೊರಲೇಬೇಕಲ್ಲ? ಇಡೀ ರಾಜ್ಯದ ಮುಪ್ಪನ್ನು ನಾವೊಬ್ಬರೇ ಹೊತ್ತಿದ್ದೇವೆ." ಆ ತ್ಯಾಗಕ್ಕೆ ಆಸ್ಥಾನದವರು ಗೋಳೋ ಎಂದು ಅತ್ತರು. ಕಾಡಿಗೆ ಇಳಿಯಿತು.

ಶಿರಸ್ತೇದಾರ ವಾಸಪ್ಪ ಹಳೆಯ ಶಾಸನವನ್ನು ಮೂಗಿಗೆ ತಾಗಿಸಿ ಓದಿದ. ಹುಂಡಿಯಲ್ಲಿರುವುದನ್ನು ಮೊದಲು ರಾಜ್ಯದ ಅರವತ್ತು ತುಂಬಿದವರಿಗೆ ಸಮನಾಗಿ ಹಂಚತಕ್ಕದ್ದು, ಉಳಿದರೆ ಪ್ರಾಯದವರ ಮದುವೆ ಮುಂಜಿಗೆ. ಅರವತ್ತು ತುಂಬಿದವರನ್ನು ಎಣಿಸಲಾಯಿತು. ಒಬ್ಬರು. ಸಮನಾಗಿ ಹಂಚಲಾಯಿತು. ಏನೂ ಉಳಿಯಲಿಲ್ಲ.

ಅರವತ್ತರ ನಂತರ ದುಡಿಯುವಂತಿಲ್ಲವೆಂಬ ನಿಯಮದಂತೆ ಅಂದಿನಿಂದ ರಾಜ ಕೆಲಸ ನಿಲ್ಲಿಸಿದ. ಆಗಿಗೂ ಈಗಿಗೂ ಏನು ವ್ಯತ್ಯಾಸವೆಂದು ಯಾರಿಗೂ ತಿಳಿಯಲಿಲ್ಲ.

ಬೋರಲಿಂಗ ಕಹಳೆಯನ್ನು ಕಂಬಕ್ಕೆ ಒರಗಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಕರೆಯದೆ ಸಿಂಹಾಸನದ ಹತ್ತಿರ ಹೋದ. "ಬುದ್ಧಿ, ನನ್ ಮದ್ವೆ ದುಡ್ಡು. ಮೀಸೆ ಬರಕ್ ಮುಂಚಿಂದ ಕಟ್ಟಿದ್ದೆ."

ರಾಜ ಅವನ ಬಿಳಿ ಮೀಸೆಯನ್ನು ನೋಡಿದ, ಕೊರಳಿನ ಬಾಡಿದ ಹಾರವನ್ನು ನೋಡಿದ. "ಹೊಸ ಮದುವೆಯೇ ಮಗು? ಸಂತೋಷ." ತಲೆಯ ಮೇಲೆ ಕೈಯಿಟ್ಟ. "ನೂರು ವರ್ಷ ದುಡಿ. ನಿನಗೇನು, ಇನ್ನೂ ವಯಸ್ಸಿದೆ."

ಹಿರಿಯರು ಆಶೀರ್ವಾದ ಮಾಡಿದ ಮೇಲೆ ಕಾಲಿಗೆ ಬೀಳದಿದ್ದರೆ ಹೇಗೆ? ಬೋರಲಿಂಗ ಬಿದ್ದ. ಅವನ ಹಿಂದೆ ಬಾಗಿಲಾಚೆಯ ಹಾರದವರೆಲ್ಲ ಒಳಬಂದು ಬಿದ್ದರು. ಯಾರ ಕಾಲಿಗೆ ಬೀಳಬೇಕೆಂಬ ರಾಜ್ಯದ ಗೊಂದಲ ಅಂದಿಗೆ ಬಗೆಹರಿಯಿತು. ಬಿದ್ದವರು ಏಳುವಾಗ ಪಾದದ ಬಳಿ ಒಂದು ತಟ್ಟೆ ಇತ್ತು. ಬರಿಗೈಯಲ್ಲಿ ಏಳುವ ಪದ್ಧತಿ ಇರಲಿಲ್ಲ.

ಒಂದು ವಾರ ಕಳೆದಿರಬಹುದು. ಬೋರಲಿಂಗ ಜಗಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಾಗ ಗಂಗವ್ವ ಕೋಲೂರಿಕೊಂಡು ಬಂದಳು. ಹೆಗಲಲ್ಲಿ ಅರಮನೆಯ ಮುದ್ರೆಯ ಚೀಲ.

"ಏನ್ ಗಂಗವ್ವ, ಇದೇನ್ ಚೀಲ?"

"ಕೆಲ್ಸ ಕೊಟ್ಟವ್ರೆ ಕಣಪ್ಪ. ಇಪ್ಪತ್ತೈದಾದ್ಮೇಲೆ ಮನೇಲಿ ಕೂರಂಗಿಲ್ಲಂತೆ." ಅವಳು ಜಗಲಿಗೆ ಕುಸಿದು ಕೂತು ಉಸಿರು ಹಿಡಿದುಕೊಂಡಳು. "ವೃದ್ಧರ ಪೋಷಣೆ ವಂತಿಗೆ ಎತ್ತೋದು. ತಲೆಗಿಷ್ಟು ಅಂತ. ರಾಜ್ಯದಲ್ಲಿ ವಯಸ್ಸಾದೋರು ಅಂತ ಇರೋದು ಅವ್ರೊಬ್ರು. ನಾವ್ ಪ್ರಾಯದೋರು ನೋಡ್ಕೊಳ್ದೆ ಇನ್ಯಾರ್ ನೋಡ್ಕತಾರೆ?"

ಸಣ್ಣತಾಯಮ್ಮ ಅವಳಿಗೆ ನೀರು ಕೊಟ್ಟಳು. ಕುಡಿಯುವುದನ್ನೇ ನೋಡುತ್ತ ನಿಂತಿದ್ದು, ಆಮೇಲೆ ಒಳಗೆ ಹೋಗಿ, ಹಲ್ಲು ಕಟ್ಟುವವನಿಗೆ ಮುಂಗಡ ಕೊಡಲೆಂದು ಹಳೆಯ ಸೀರೆಯ ಸೆರಗಿನಲ್ಲಿ ಕಟ್ಟಿಟ್ಟಿದ್ದನ್ನು ಬಿಚ್ಚಿ ತಂದಳು. ಚೀಲಕ್ಕೆ ಹಾಕಿದಳು.

"ಇನ್ನೊಂದ್ ಮಾತು" ಎಂದಳು ಗಂಗವ್ವ, ಅವನ ಮುಖ ನೋಡದೆ. "ಅರಮನೆ ವಸೂಲಿ ಅಂದ್ರೆ ಮುಂದೆ ಕಹಳೆ ಇರ್ಬೇಕಂತೆ. ನಿನ್ನೇ ಹಾಕವ್ರೆ."

ಬೋರಲಿಂಗ ಗಂಜಿಯ ಬಟ್ಟಲು ಕೆಳಗಿಟ್ಟ. ಗಂಗವ್ವನ ರಟ್ಟೆ ಹಿಡಿದು ಎಬ್ಬಿಸಿದ. ಮುಂದೆ ಅವನು, ಹಿಂದೆ ಅವಳು, ಬೀದಿಗೆ ಇಳಿದರು. ಅವನು ಊದಿದ. ಸದ್ದು ಬಂತೋ ಇಲ್ಲವೋ, ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಪ್ರತಿ ಬಾಗಿಲಿನಿಂದಲೂ ಒಂದು ಕೈ ಹೊರಗೆ ಬಂತು; ಒಂದು ಬಾಗಿಲಲ್ಲಿ ಮಾತ್ರ ಬಾಣಂತಿ ಎರಡು ಸಲ ಹಾಕಿದಳು, ತನ್ನದೊಂದು, ಕಂಕುಳಲ್ಲಿ ನಿದ್ದೆ ಮಾಡುತ್ತಿದ್ದ ಇಪ್ಪತ್ತೈದರವನದೊಂದು.